ಮೂರನೇ ಅಧ್ಯಾಯದ ಅಕ್ಕಿ

"ಈಕಿ ಯಾರೋ ನನಗ ಗೊತ್ತಿಲ್ಲ," ಎಂದರು ಮಹಾದೇವಕ್ಕ, ಸೊಸೆಯ ಕಡೆ ತಿರುಗಿಯೂ ನೋಡದೆ. "ನಂದು ಬ್ಯಾರೆ ಮನಿ, ಆಕಿದು ಬ್ಯಾರೆ ಮನಿ. ನನಗೊಂದು ಚೀಲ, ಆಕಿಗೊಂದು ಚೀಲ. ಹಂಗs ಹೇಳು ಅವಗ."

ಮನೆಗೊಂದೇ ಚೀಲ ಎಂದು ಚೀಟಿ ಅಂಟಿಸಿ ಕೌಂಟರಿನ ಹಿಂದೆ ನಿಂತಿದ್ದ ಅಂಗಡಿಯ ಮಾಲೀಕನಿಗೆ ಕನ್ನಡ ಬರುತ್ತಿರಲಿಲ್ಲ. ಆಂಟಿ ಏನು ಹೇಳುತ್ತಿದ್ದಾರೆ ಎಂದು ಅವನು ಮೈಥಿಲಿಯನ್ನು ಇಂಗ್ಲಿಷಿನಲ್ಲಿ ಕೇಳಿದ. ಅಮೆರಿಕಕ್ಕೆ ಬರುವ ಮುಂಚೆ ಮೈಥಿಲಿ ಬಿಡದಿಯ ಕಾರು ಕಾರ್ಖಾನೆಯಲ್ಲಿ ಜಪಾನಿ ದುಭಾಷಿಯಾಗಿದ್ದವಳು. ಒಬ್ಬರು ಆಡಿದ್ದನ್ನು ಕೂಡಿಸದೆ, ಕಳೆಯದೆ ಇನ್ನೊಬ್ಬರಿಗೆ ಮುಟ್ಟಿಸುವುದು ಅವಳಿಗೆ ಮೈಗೆ ಅಂಟಿದ ಅಭ್ಯಾಸ. "ನಾನು ಯಾರೋ ಇವರಿಗೆ ಗೊತ್ತಿಲ್ಲವಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿ, "ಇವರು ನಮ್ಮತ್ತೆ," ಎಂದು ಸೇರಿಸಿದಳು.

ಹಿಂದಿದ್ದ ಸಾಲೆಲ್ಲ ನಕ್ಕಿತು. ಮಾಲೀಕನೂ ನಕ್ಕ. ನಗುತ್ತಲೇ ಎರಡನೆಯ ಚೀಲವನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡ.

ಅದು 2023ರ ಜುಲೈ 20, ಗುರುವಾರ ಸಂಜೆ. ಬಾಸ್ಮತಿಯಲ್ಲದ ಬಿಳಿ ಅಕ್ಕಿಯನ್ನು ಹೊರದೇಶಕ್ಕೆ ಕಳಿಸುವಂತಿಲ್ಲ ಎಂದು ಭಾರತ ಸರ್ಕಾರ ಅಂದೇ ಆದೇಶ ಹೊರಡಿಸಿತ್ತು. ದೇಶದೊಳಗೆ ಅಕ್ಕಿಯ ಬೆಲೆ ಏರಿತ್ತು. ಮರುವರ್ಷ ಲೋಕಸಭಾ ಚುನಾವಣೆ ಇತ್ತು. ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ವರ್ಜೀನಿಯಾದ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ, ಸಂಜೆಯ ಹೊತ್ತಿಗೆ ಜನರನ್ನು ಸ್ಟರ್ಲಿಂಗ್‌ನ ಈ ಅಂಗಡಿಗೆ ತಂದು ನಿಲ್ಲಿಸಿತ್ತು. ಕೊರಳಲ್ಲಿ ಆಫೀಸಿನ ಬ್ಯಾಡ್ಜ್ ತೂಗಾಡಿಸಿಕೊಂಡವರು, ಯೋಗದ ಚಾಪೆ ಹಿಡಿದವರು, ತಳ್ಳುಗಾಡಿಯಲ್ಲಿ ಮಗುವಿನ ಜಾಗಕ್ಕೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ಕೂರಿಸಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವರು.

"ಮಹಾದೇವಕ್ಕೋರೇ, ನೀವು ರೊಟ್ಟಿ ಪಾರ್ಟಿ ಅಲ್ವಾ? ನಿಮಗ್ಯಾಕೆ ರೈಸು?" ಹಿಂದಿನಿಂದ ಹರಿಪ್ರಸಾದ ಕೂಗಿದರು. ಹತ್ತಿರದ ಆಲ್ಡಿ ಎಂಬ ಊರಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡಿರುವ ಮೈಸೂರಿನವರು; ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾವಾಗಲೂ ಮೊದಲಿಗರು. "ನಮ್ಮಂಥ ಬಡ ಮೈಸೂರಿನೋರಿಗೆ ಬಿಟ್ಬಿಡಿ."

"ರೊಟ್ಟಿ ಉಂಡಮ್ಯಾಲೆ ಎರಡು ತುತ್ತು ಅನ್ನ ಬ್ಯಾಡೇನ್ರೀ? ಅನ್ನ ಇಲ್ಲಂದ್ರ ಊಟ ಮುಗಿದಂಗ ಹೆಂಗ ಆಕ್ಕೈತಿ?" ಬಾಗಲಕೋಟೆಯ ಮಹಾದೇವಕ್ಕ ಬಿಡುವವರಲ್ಲ.

ಹರಿಪ್ರಸಾದ ಮೈಥಿಲಿಯತ್ತ ತಿರುಗಿದರು. "ಅಲ್ಲಮ್ಮ, ನಾಳೆ ಬೆಳಗ್ಗೆ ಪಿಎಚ್‌ಡಿ ಡಿಫೆನ್ಸ್ ಅಲ್ವಾ ನಿಂದು? ಇಲ್ಲೇನ್ ಮಾಡ್ತಿದ್ಯಾ?"

"ಶಶಿಕಾಂತ್‌ಗೆ ಡೇಟಾ ಸೆಂಟರ್‌ನಲ್ಲಿ ಶಿಫ್ಟು ಅಂಕಲ್. ಅತ್ತೆಗೆ ಡ್ರೈವ್ ಬರಲ್ಲ. ಮನೇಲಿ ಕೂತ್ರೂ ನಂಗೇನೂ ತಲೆಗೆ ಹೋಗ್ತಿರ್ಲಿಲ್ಲ."

"ಟೆನ್ಷನ್ ಮಾಡ್ಕೋಬೇಡ. ಹೋದ್ಸಲ ಏನೋ ಆಯ್ತು…"

"ಹೋದ್ಸಲ ಫೇಲ್ ಆಯ್ತು ಅಂಕಲ್. ಎರಡೇ ಚಾನ್ಸ್. ನಾಳೆ ಆಗ್ಲಿಲ್ಲ ಅಂದ್ರೆ ಪಿಎಚ್‌ಡಿ ಮುಗೀತು. ಬರ್ದಿದ್ದೆಲ್ಲ ಅಟ್ಟಕ್ಕೆ."

"ಸಬ್ಜೆಕ್ಟ್ ಏನಂದೆ? ಜಪಾನು, ಅಲ್ವಾ?"

"ಕೊರಿಯಾ ಜಪಾನಿನ ಕಾಲನಿ ಆಗಿತ್ತಲ್ಲ. ರಾಜಧಾನಿ ಕಾಲನಿನ ಆಳ್ತು ಅಂತ ಎಲ್ರೂ ಬರೀತಾರೆ. ಕಾಲನಿಯಲ್ಲಿ ಕೂತಿದ್ದ ಆಫೀಸರ್‌ಗಳು ರಾಜಧಾನಿ ಪಾಲಿಟಿಕ್ಸನ್ನೇ ಅಲ್ಲಾಡಿಸಿದ್ರು ಅಂತ ನಾನಂತೀನಿ. ಅದರಲ್ಲೂ ಅಕ್ಕಿ ವಿಷಯದಲ್ಲಿ."

"ಅಕ್ಕಿ!" ಹರಿಪ್ರಸಾದ ತಮ್ಮ ಗಾಡಿಯ ಚೀಲಕ್ಕೆ ಒಂದೇಟು ತಟ್ಟಿದರು. "ಹಾಗಾದ್ರೆ ನೀನು ಲೈನಲ್ಲಿ ನಿಂತು ಓದ್ಕೋತಿದೀಯಾ ಅನ್ನು."

ಅವಳ ಪ್ರಬಂಧ ಶುರುವಾಗುತ್ತಿದ್ದುದು 1918ರಿಂದ. ಆ ವರ್ಷ ಅಕ್ಕಿಯ ಬೆಲೆ ಏರಿ ಜಪಾನಿನ ಊರೂರಲ್ಲಿ ಗಲಭೆಯಾಯಿತು, ಸರ್ಕಾರ ಉರುಳಿತು. ಹೊಸ ಸರ್ಕಾರ ಕೊರಿಯಾದಲ್ಲಿ ಅಕ್ಕಿ ಹೆಚ್ಚು ಬೆಳೆಸುವ ಯೋಜನೆ ಹಾಕಿತು. ಹತ್ತು ವರ್ಷದಲ್ಲಿ ಕೊರಿಯಾದ ಅಕ್ಕಿ ಜಪಾನಿಗೆ ಎಷ್ಟು ಹರಿಯಿತೆಂದರೆ, ಬೆಲೆ ಕುಸಿದಾಗ ಜಪಾನಿನ ರೈತರೇ ತಿರುಗಿಬಿದ್ದು ಅದನ್ನು ತಡೆಯಿರಿ ಎಂದು ಸಂಸತ್ತಿಗೆ ಮುತ್ತಿಗೆ ಹಾಕಿದರು. ಸಿಯೋಲ್‌ನ ಗವರ್ನರ್ ಜನರಲ್ ಕಚೇರಿ ತಡೆಯಕೂಡದೆಂದು ಟೋಕಿಯೋದ ಕೃಷಿ ಇಲಾಖೆಯ ಎದುರು ನಿಂತಿತು. ಇಲ್ಲಿಯವರೆಗೆ ಎಲ್ಲವೂ ಸರಿ. ಮಾರ್ಚ್ ತಿಂಗಳ ಮೌಖಿಕ ಪರೀಕ್ಷೆಯಲ್ಲಿ ಆರ್ಥಿಕ ಇತಿಹಾಸದ ಪ್ರೊಫೆಸರ್ ಮ್ಯಾನಿಗೋ ಒಂದೇ ಪ್ರಶ್ನೆ ಕೇಳಿದ್ದರು: "ಸೈಗಾನ್‌ನಿಂದ, ರಂಗೂನ್‌ನಿಂದಲೂ ಜಪಾನಿಗೆ ಅಕ್ಕಿ ಬರುತ್ತಿತ್ತು. ಅದಕ್ಕೆ ಇಷ್ಟು ಬೆಚ್ಚದ ರೈತರು ಕೊರಿಯಾದ ಅಕ್ಕಿಗೆ ಏಕೆ ಬೆಚ್ಚಿದರು?"

ಸುಂಕ, ಎಂದಿದ್ದಳು ಮೈಥಿಲಿ. ಹೊರಗಿನ ಅಕ್ಕಿಗೆ ಸುಂಕವಿತ್ತು, ಕೊರಿಯಾದ ಅಕ್ಕಿಗೆ ಇರಲಿಲ್ಲ. ಸುಂಕ ತೆಗೆದಿದ್ದ ಕಾಲವೂ ಇತ್ತಲ್ಲ, ಆಗ? ಎಂದರು ಅವರು. ಅವಳು ಅಂಕಿಅಂಶದ ಪಟ್ಟಿ ತೋರಿಸಿದಳು. "ಇದು ಎಷ್ಟು ಎಂದು ಹೇಳುತ್ತದೆ. ನಾನು ಕೇಳಿದ್ದು ಏಕೆ ಎಂದು," ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕನ್ನಡಕ ಮೇಜಿಗೆ ತಾಗಿದ ಸದ್ದು ನಾಲ್ಕು ತಿಂಗಳಿಂದ ಅವಳ ಕಿವಿಯಲ್ಲಿತ್ತು. ಬೇಸಿಗೆಯೆಲ್ಲ ಅವಳು ಇನ್ನಷ್ಟು ಪಟ್ಟಿಗಳನ್ನು ಮಾಡಿದ್ದಳು. ಅವೂ ಎಷ್ಟು ಎಂದೇ ಹೇಳುತ್ತಿದ್ದವು.

ಕೌಂಟರಿನಲ್ಲಿ ಮಾಲೀಕ ರಾಜಿಗೆ ಬಂದಿದ್ದ. ಸೋನಾ ಮಸೂರಿ ಒಂದೇ; ಬೇಕಿದ್ದರೆ ಆ ಅಕ್ಕಿ ಎಷ್ಟು ಬೇಕಾದರೂ ಒಯ್ಯಿರಿ ಎಂದು ಬಾಗಿಲ ಪಕ್ಕ ಆಳೆತ್ತರಕ್ಕೆ ಪೇರಿಸಿದ್ದ ಥಾಯ್ ಅಕ್ಕಿಯ ಚೀಲಗಳನ್ನು ತೋರಿಸಿದ. ಮಹಾದೇವಕ್ಕ ಆ ಕಡೆ ಒಮ್ಮೆ ನೋಡಿದರು.

"ಅದನ್ನ ಒಯ್ದು ಏನ್ ಮಾಡ್ಲಿ? ಪುಕ್ಕಟೆ ಕೊಟ್ರೂ ಒಲ್ಲೆ. ಅದೇನ್ ಅಕ್ಕೀನs?"

"ಕರೆಕ್ಟ್," ಎಂದರು ಹರಿಪ್ರಸಾದ. "ಅಕ್ಕಿ ಇಲ್ಲ ಅಂತ ಯಾರಮ್ಮ ಅಳ್ತಿರೋದು? ಅಕ್ಕಿ ಬೇಕಾದಷ್ಟಿದೆ. ನಮ್ ಬಾಯಿಗೆ ಒಗ್ಗಿರೋದು ಇಲ್ಲ, ಅಷ್ಟೇ."

ಮೈಥಿಲಿ ಗಾಡಿಯ ಹಿಡಿಯನ್ನು ಬಿಟ್ಟಳು. ಸಾಲಿನಲ್ಲಿ ನಲವತ್ತು ಜನರಿದ್ದರು. ಎಲ್ಲರೂ ಆ ಥಾಯ್ ಅಕ್ಕಿಯ ರಾಶಿಯನ್ನು ದಾಟಿಕೊಂಡೇ ಒಳಗೆ ಬಂದವರು. ಒಬ್ಬರ ಗಾಡಿಯಲ್ಲೂ ಅದು ಇರಲಿಲ್ಲ. ಒಬ್ಬಾಕೆ ತನ್ನ ಕೈಚೀಲವನ್ನು ಅದರ ಮೇಲಿಟ್ಟು, ಫೋನಿನಲ್ಲಿ ಗಂಡನಿಗೆ ಅಕ್ಕಿ ಮುಗಿದೇಹೋಯಿತು ಎಂದು ಹೇಳುತ್ತಿದ್ದಳು.

ಬಿಡದಿಯ ಕ್ಯಾಂಟೀನ್ ಅವಳ ಕಣ್ಣಮುಂದೆ ಬಂತು. ಅಡುಗೆಯ ಚಿಕ್ಕಣ್ಣನ ಅನ್ನ ಮಲ್ಲಿಗೆ ಮೊಗ್ಗಿನಂತೆ ಉದುರುದುರಾಗಿ ಬೀಳುತ್ತಿತ್ತು. ಅದು ಅವನ ಹೆಮ್ಮೆ. ಜಪಾನಿನಿಂದ ಬಂದ ಎಂಜಿನಿಯರುಗಳು ಕಡ್ಡಿಯಲ್ಲಿ ಅದನ್ನು ಎತ್ತಲಾರದೆ, ಅನ್ನ ಅಂಟುತ್ತಿಲ್ಲ ಎಂದು ಅವಳ ಮೂಲಕ ದೂರು ಹೇಳಿದ್ದರು. ಚಿಕ್ಕಣ್ಣ ಸೌಟು ಕೆಳಗಿಟ್ಟು, "ಅನ್ನಾನೂ ಮುದ್ದೆ ಕಟ್ಟಿ ತಿನ್ನೋದಾದ್ರೆ ರಾಗಿ ಏನ್ ಪಾಪ ಮಾಡಿತ್ತು ಅಂತ ಕೇಳಮ್ಮ," ಎಂದಿದ್ದ. ಅದೊಂದು ಮಾತನ್ನು ಅವಳು ಭಾಷಾಂತರಿಸಿರಲಿಲ್ಲ. ಮರುವಾರವೇ ಎಂಜಿನಿಯರುಗಳು ತಮ್ಮ ಅಕ್ಕಿ, ತಮ್ಮ ಕುಕ್ಕರ್ ತರಿಸಿಕೊಂಡರು. ಅವಳು ಅಲ್ಲಿದ್ದ ಹನ್ನೊಂದು ವರ್ಷವೂ ಅವರು ಚಿಕ್ಕಣ್ಣನ ಅನ್ನ ಮುಟ್ಟಲಿಲ್ಲ.

ಸೈಗಾನಿನ ಅಕ್ಕಿ ಜಪಾನಿನ ರೈತನಿಗೆ ಎದುರಾಳಿಯೇ ಆಗಿರಲಿಲ್ಲ. ಗತಿಯಿಲ್ಲದಾಗ ತಿನ್ನುವ ಅಕ್ಕಿ ಅದು. ಆದರೆ ಕೊರಿಯಾದ ಹೊಲಗಳಲ್ಲಿ ಹಳೆಯ ತಳಿಗಳನ್ನು ಕಿತ್ತು ಜಪಾನಿನ ತಳಿಗಳನ್ನೇ ನೆಡಿಸಿದ್ದರು. ಹಡಗಿನಿಂದ ಇಳಿದ ಅಕ್ಕಿಯೂ ಮನೆಯಂಗಳದ ಅಕ್ಕಿಯೂ ಬಾಯಿಗೆ ಒಂದೇ. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವಳೇ ಬರೆದಿದ್ದಳು, ಮೂರನೇ ಅಧ್ಯಾಯದ ಒಂದು ಅಡಿಟಿಪ್ಪಣಿಯಲ್ಲಿ, ಎರಡು ಸಾಲು.

"ಅತ್ತೆ, ಬೇಗ ಬನ್ನಿ. ಇನ್ನೊಂದು ಅಂಗಡಿಗೆ ಹೋಗೋಣ."

"ಅಲ್ಲಿ ಸಿಗತೈತೇನು?"

"ಬೇರೆ ಅಕ್ಕಿ ಸಿಗುತ್ತೆ."

ಹೊರಡುವ ಮುನ್ನ ಅವಳು ಒಂದು ಸಣ್ಣ ಚೀಲ ಥಾಯ್ ಅಕ್ಕಿ ಎತ್ತಿ ಗಾಡಿಗೆ ಹಾಕಿದಳು. ಹರಿಪ್ರಸಾದ ಮಹಾದೇವಕ್ಕನ ಮುಖ ನೋಡಿದರು. "ಟೆನ್ಷನ್‌ಗೆ ಹಿಂಗಾಗುತ್ತೆ," ಎಂದರು.

ರೂಟ್ 28ರಲ್ಲಿ ದಕ್ಷಿಣಕ್ಕೆ ಹೋದರೆ ಸೆಂಟರ್‌ವಿಲ್‌ನಲ್ಲಿ ಕೊರಿಯನ್ ಸೂಪರ್‌ಮಾರ್ಕೆಟ್ ಇತ್ತು. ಅಲ್ಲಿ ಗಲಾಟೆಯೇ ಇಲ್ಲ. ಉದ್ದಕ್ಕೂ ಗೋಡೆಯ ತುಂಬ ಅಂಟುವ ಗುಂಡಕ್ಕಿಯ ಚೀಲಗಳು. ಒಬ್ಬ ಮುದುಕ ನಿಧಾನವಾಗಿ ಒಂದೊಂದನ್ನೇ ಓದುತ್ತ ನಿಂತಿದ್ದ. ಸಾಲಿಲ್ಲ, ಕೂಗಾಟವಿಲ್ಲ. ಮಹಾದೇವಕ್ಕ ಆ ಗೋಡೆಯನ್ನು ನೋಡಿ, "ಇಷ್ಟೊಂದು ಇಲ್ಲೇ ಬಿದ್ದೈತಿ, ಆ ಮಂದಿ ಅಲ್ಲಿ ಯಾಕ ಬಡದಾಡಾಕತ್ಯಾರ?" ಎಂದರು. ಮೈಥಿಲಿ ನಡುದಾರಿಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು.

"ಬಿಡs, ಮಂದಿ ನೋಡ್ತಾರ. ಏನಾತು ನಿಂಗ?"

"ಏಕೆ ಅನ್ನೋದಕ್ಕೆ ಉತ್ತರ ಸಿಕ್ತು ಅತ್ತೆ! ನಾಳೆ ಬೆಳಗ್ಗೆ ನಂಗೆ ಮೂರು ಅನ್ನ ಮಾಡ್ಕೊಡ್ತೀರಾ? ಸೋನಾ ಮಸೂರಿ ಒಂದು ಡಬ್ಬಿ, ಥಾಯ್ ಒಂದು, ಈ ಗುಂಡಕ್ಕಿ ಒಂದು. ಆ ಪ್ರೊಫೆಸರ್‌ಗೆ ತಿನ್ನಿಸ್ತೀನಿ. ಬರೀ ಬಾಯಿಂದ ಹೇಳಿದ್ರೆ ಅವರು ಕೇಳಲ್ಲ."

ಮಹಾದೇವಕ್ಕನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಯಾರಿಗೋ ಉಣ್ಣಿಸಬೇಕು ಎಂಬುದು ತಿಳಿಯಿತು. "ಎಷ್ಟು ಮಂದಿ?" ಎಂದು ಕೇಳಿದರು.

ಬೆಳಗ್ಗೆ ಮೈಥಿಲಿ ಮಹಡಿಯ ಕೋಣೆಯಲ್ಲಿ ಹಳೆಯ ಸ್ಲೈಡುಗಳಲ್ಲಿ ಮುಕ್ಕಾಲುಪಾಲು ಅಳಿಸಿದಳು. ಶಿಫ್ಟು ಮುಗಿಸಿ ಬಂದಿದ್ದ ಶಶಿಕಾಂತ್ ಬಾಗಿಲಲ್ಲಿ ನಿಂತು ನೋಡಿದ. "ಲೇ, ಇದನ್ನೆಲ್ಲ ಈಗ ಡಿಲೀಟ್ ಮಾಡೋದಾ? ಬ್ಯಾಕಪ್ ಐತಿಲ್ಲೋ?"

"ಬೇಡ. ಬ್ಯಾಕಪ್ ಇದ್ರೆ ವಾಪಸ್ ಅದಕ್ಕೇ ಹೋಗ್ತೀನಿ."

ಕೆಳಗಿಳಿದು ಬಂದಾಗ ಒಂದು, ಎರಡು, ಮೂರು ಎಂದು ಅಂಟುಪಟ್ಟಿ ಹಚ್ಚಿದ ಚೌಕದ ಸ್ಟೀಲ್ ಡಬ್ಬಿಗಳು ಚೀಲದಲ್ಲಿ ಸಿದ್ಧವಾಗಿದ್ದವು. ಬೆಲ್ಟ್‌ವೇ ವರ್ತುಲ ಹೆದ್ದಾರಿಯಲ್ಲಿ ಪೊಟೊಮ್ಯಾಕ್ ನದಿಯ ಸೇತುವೆಯ ಮೇಲೆ ಎಂದಿನಂತೆ ಕಾರುಗಳು ತೆವಳುತ್ತಿದ್ದವು. ಕಾರಿನೊಳಗೆ ಸಾಸಿವೆ ಕರಿಬೇವಿನ ವಾಸನೆ. ಮಧ್ಯಾಹ್ನಕ್ಕೆ ತನಗೆ ಊಟವನ್ನೂ ಅತ್ತೆ ಕಟ್ಟಿರಬೇಕು ಎಂದುಕೊಂಡು ಮೈಥಿಲಿ ಉತ್ತರವನ್ನು ಜೋರಾಗಿ ಹೇಳಿಕೊಳ್ಳತೊಡಗಿದಳು. ಪಕ್ಕದ ಲಾರಿಯ ಚಾಲಕ ಅವಳತ್ತ ಕೈಬೀಸಿದ.

ಮೇರಿಲ್ಯಾಂಡ್‌ನ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಮೂವರು ಮೇಜಿನ ಸುತ್ತ, ಇಬ್ಬರು ಪರದೆಯ ಮೇಲೆ. ಅವಳ ಮಾರ್ಗದರ್ಶಕಿ ಪ್ರೊಫೆಸರ್ ವಿಟ್ಲಾಕ್ ಹೊಸ ಸ್ಲೈಡುಗಳನ್ನು ನೋಡಿ ಹುಬ್ಬೇರಿಸಿದರು. ಮ್ಯಾನಿಗೋ ಕೊನೆಯಲ್ಲಿ ಕೂತಿದ್ದರು; ನರೆತ ಗಡ್ಡ, ದಕ್ಷಿಣ ಕ್ಯಾರೊಲೈನಾದ ನಿಧಾನದ ಇಂಗ್ಲಿಷು. ಅವಳ ಮಾತು ಮುಗಿಯುತ್ತಲೇ ಕನ್ನಡಕ ತೆಗೆದರು.

"ಮಾರ್ಚ್‌ನ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ, ಮಿಸ್ ಮೈಥಿಲಿ."

"ಉತ್ತರ ತಂದಿದ್ದೇನೆ," ಎಂದಳು ಅವಳು. "ದಯವಿಟ್ಟು ಈ ಮೂರರಲ್ಲಿ ಒಂದೊಂದು ತುತ್ತು ತಿನ್ನಬೇಕು. ಬರಿ ಅನ್ನ. ಉಪ್ಪು ಕೂಡ ಹಾಕಿಲ್ಲ, ರುಚಿ ತಿಳಿಯಲಿ ಎಂದು."

ಡಬ್ಬಿಯ ಮುಚ್ಚಳ ತೆಗೆದಳು. ಅರಿಶಿನದ ಹಳದಿ ಅನ್ನ, ಮೇಲೆ ಹುರಿದ ಶೇಂಗಾ, ಕರಿಬೇವು, ಕೆಂಪು ಮೆಣಸಿನಕಾಯಿ. ಎರಡನೆಯದನ್ನು ತೆರೆದಳು. ಅದೂ ಹಳದಿ. ಮೂರನೆಯದೂ. ನಿಂಬೆಹಣ್ಣು ಹಿಂಡಿದ ಘಮ ಮೇಜಿನ ಉದ್ದಕ್ಕೂ ಹರಡಿತು. ಹಿರಿಯರಿಗೆ, ಅದರಲ್ಲೂ ಸೊಸೆಯ ಗುರುಗಳಿಗೆ, ಒಗ್ಗರಣೆ ಇಲ್ಲದ ಬಿಳಿ ಅನ್ನ ಕಳಿಸುವುದು ಮಹಾದೇವಕ್ಕನಿಂದ ಆಗಿರಲಿಲ್ಲ.

ಮೈಥಿಲಿ ಮೂರೂ ಡಬ್ಬಿಗಳನ್ನು ಇನ್ನೊಮ್ಮೆ ನೋಡಿದಳು. ಪರದೆಯ ಮೇಲಿದ್ದವರಲ್ಲಿ ಒಬ್ಬರು, "ನಮಗೆ ಇಲ್ಲಿಂದ ಮೂರೂ ಒಂದೇ ಥರ ಕಾಣುತ್ತಿದೆ," ಎಂದರು.

ಒಂದೇ ಥರ. ಅವಳು ಮೂರೂ ಡಬ್ಬಿಗಳನ್ನು ಮ್ಯಾನಿಗೋ ಎದುರು ತಳ್ಳಿದಳು. "ನಮ್ಮತ್ತೆ ಮೂರಕ್ಕೂ ಒಂದೇ ಬಣ್ಣ, ಒಂದೇ ಹುಳಿ, ಒಂದೇ ಖಾರ ಹಾಕಿದ್ದಾರೆ. ಒಳ್ಳೆಯದೇ ಆಯಿತು. ನೀವು ಕಣ್ಣು ಮುಚ್ಚಿ ತಿನ್ನಿ. ಯಾವುದು ನಿಮ್ಮ ಮನೆಯ ಅನ್ನ, ಹೇಳಿ."

ಮ್ಯಾನಿಗೋ ಅವಳನ್ನು ನೋಡಿದರು, ಆಮೇಲೆ ಫೋರ್ಕ್ ತೆಗೆದುಕೊಂಡು ನಿಜಕ್ಕೂ ಕಣ್ಣು ಮುಚ್ಚಿದರು. ಮೊದಲ ಡಬ್ಬಿಯ ಅನ್ನ ಫೋರ್ಕಿನಿಂದ ಕಾಳುಕಾಳಾಗಿ ಅವರ ಟೈ ಮೇಲೆ ಉದುರಿತು. ಎರಡನೆಯದನ್ನು ಅಗಿದು ತಲೆಯಾಡಿಸಿದರು. ಮೂರನೆಯದು ಗಡ್ಡೆಯಾಗಿ ಎದ್ದು ಬಂತು.

"ಮೊದಲನೆಯದು," ಎಂದರು. "ಚಾರ್ಲ್ಸ್‌ಟನ್ ಹತ್ತಿರ ನಮ್ಮ ಹಿರೀಕರು ಗುಲಾಮರಾಗಿ ಬತ್ತ ಬೆಳೆದವರು. ಅನ್ನದ ಕಾಳು ಕಾಳಿಗೆ ಅಂಟಿದರೆ ನಮ್ಮಜ್ಜಿ ಪಾತ್ರೆ ಸಮೇತ ಹಿತ್ತಿಲಿಗೆ ಸುರಿಯುತ್ತಿದ್ದಳು. ಈ ಮೂರನೆಯದನ್ನು ಸುರಿದೇ ಬಿಡುತ್ತಿದ್ದಳು."

"ಒಸಾಕಾದ ಅಜ್ಜಿ ಮೊದಲನೆಯದನ್ನು ಸುರಿಯುತ್ತಿದ್ದಳು!" ಮೈಥಿಲಿಯ ದನಿ ಏರಿತು, ಕೈಗಳು ಗಾಳಿಯಲ್ಲಿದ್ದವು. "ಸೈಗಾನಿನ ಅಕ್ಕಿ ಎಷ್ಟು ಬಂದರೂ ಜಪಾನಿನ ರೈತನ ಅಕ್ಕಿಯ ಜಾಗಕ್ಕೆ ಬರಲಾರದು. ಆ ಜಾಗಕ್ಕೆ ಬರುವಂಥ ಅಕ್ಕಿಯನ್ನು ಕೊರಿಯಾದಲ್ಲಿ ಮಾಡಿದ್ದು ಯಾರು? ವ್ಯಾಪಾರಿಯಲ್ಲ. ಬೆಳೆಯುವ ರೈತನೂ ಅಲ್ಲ. ಹೊಲಕ್ಕೆ ಬೀಜ ತಂದ ಅಧಿಕಾರಿ, ಅವನ ಜೊತೆ ಬಂದ ಪೊಲೀಸ್. ಕೊರಿಯಾದ ಗದ್ದೆಯನ್ನು ಟೋಕಿಯೋದ ಬಾಯಿಗೆ ಹೊಂದಿಸಿದ್ದು ಕಾಲನಿಯ ಆಡಳಿತ. ಹಾಗೆ ಹೊಂದಿಸಿದ ದಿನವೇ ಅದು ಟೋಕಿಯೋದ ರಾಜಕೀಯದೊಳಗೆ ಕಾಲಿಟ್ಟಿತು."

"ಟೋಕಿಯೋ ತಾನು ಬೇಕೆಂದು ಮಾಡಿಸಿದ್ದೇ ತನಗೆ ಶತ್ರುವಾಯಿತು ಎನ್ನುತ್ತೀರಿ."

"ಹೌದು. 1918ರ ಗಲಭೆಯಿಂದ ಅಧಿಕಾರ ಕಳೆದುಕೊಂಡ ಪ್ರಧಾನಿ ತೆರಾವುಚಿ ಕೊರಿಯಾದ ಮೊದಲ ಗವರ್ನರ್ ಜನರಲ್. ಅಕ್ಕಿ ಯೋಜನೆ ಶುರುವಾದಾಗ ಸಿಯೋಲ್‌ನಲ್ಲಿ ಗವರ್ನರ್ ಜನರಲ್ ಆಗಿದ್ದವರು ಸೈತೋ. 1934ರಲ್ಲಿ ಅದೇ ಯೋಜನೆ ನಿಂತಾಗ ಟೋಕಿಯೋದಲ್ಲಿ ಪ್ರಧಾನಿ ಯಾರು? ಅದೇ ಸೈತೋ. ಕಾಲನಿ ಬೇರೆ, ಮನೆ ಬೇರೆ ಎಂದು ಬರೆಯಲು ಸಾಧ್ಯವೇ ಇಲ್ಲ."

"ನಿಲ್ಲಿ," ಎಂದರು ಮ್ಯಾನಿಗೋ. "ತಳಿ ಬದಲಾಯಿಸಿದ್ದರ ಆಧಾರ ಎಲ್ಲಿದೆ?"

"ಮೂರನೇ ಅಧ್ಯಾಯದ ಅಡಿಟಿಪ್ಪಣಿಯಲ್ಲಿ."

"ಅಡಿಟಿಪ್ಪಣಿಯಲ್ಲಿ!" ಅವರು ಮೇಜು ಗುದ್ದಿದರು. ಡಬ್ಬಿಗಳು ಕುಣಿದವು. ವಿಟ್ಲಾಕ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು.

ಪದ್ಧತಿಯಂತೆ ಅಭ್ಯರ್ಥಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೈಥಿಲಿ ಕಾರಿಡಾರಿನಲ್ಲಿ ಆಚೆಯಿಂದೀಚೆ ನಡೆದಳು. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ. ಸ್ಟೀಲಿಗೆ ಫೋರ್ಕ್ ತಾಗುವ ಸದ್ದು ಮಾತ್ರ ಆಗಾಗ ಕೇಳುತ್ತಿತ್ತು. ಫೋನ್ ನಡುಗಿತು. ಮಹಾದೇವಕ್ಕ.

"ಉಂಡ್ರೇನು?"

"ಅತ್ತೆ, ಬರಿ ಅನ್ನ ಅಂತ ಹೇಳಿರ್ಲಿಲ್ವಾ ನಾನು?"

"ಬರೇ ಅನ್ನ ಯಾರಾದ್ರೂ ಕಳಸ್ತಾರೇನು? ನಮ್ಮನಿ ಮರ್ಯಾದಿ ಏನಾಗಬೇಕು? ನೀ ಸಣ್ಣಾಕಿ, ನಿಂಗ ತಿಳಿಯಂಗಿಲ್ಲ. ಪಾಸ್ ಮಾಡಿದ್ರೋ ಇಲ್ಲೋ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ವಿಟ್ಲಾಕ್ ಎರಡೂ ಕೈ ಚಾಚಿಕೊಂಡು ಬಂದರು. ಪಾಸ್, ಒಂದೇ ಷರತ್ತು ಎಂದರು. ಹಿಂದಿನಿಂದ ಮ್ಯಾನಿಗೋ ಅದನ್ನು ತಾವೇ ಹೇಳಿದರು: "ಆ ಅಡಿಟಿಪ್ಪಣಿ ಒಂದನೇ ಅಧ್ಯಾಯವಾಗಬೇಕು." ಅವರ ಗಡ್ಡದಲ್ಲಿ ಒಂದು ಸಾಸಿವೆ ಕಾಳು ಅಂಟಿತ್ತು. ಮೈಥಿಲಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅವರು ಆಡಿದ್ದನ್ನೆಲ್ಲ ಇದ್ದದ್ದು ಇದ್ದಂತೆ ಕನ್ನಡಕ್ಕೆ ತಿರುಗಿಸಿ ಅತ್ತೆಗೆ ಮುಟ್ಟಿಸಿದಳು. ಆ ಕಡೆಯಿಂದ ಮಹಾದೇವಕ್ಕ ಮಗನನ್ನು ಕೂಗಿ ಎಬ್ಬಿಸುವುದು ಕೇಳಿಸಿತು.

ಎಲ್ಲರೂ ಹೋದ ಮೇಲೆ ಅವಳು ಕಾಫಿ ಕೋಣೆಯ ಸಿಂಕಿನಲ್ಲಿ ಡಬ್ಬಿ ತೊಳೆಯಲು ನಿಂತಳು. ಮೊದಲನೆಯದರಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಎರಡನೆಯದರಲ್ಲಿ ಅರ್ಧ ಉಳಿದಿತ್ತು. ಮೂರನೆಯದರಲ್ಲಿ ಒಂದು ಮೂಲೆ ಮಾತ್ರ ಮುರಿದಿತ್ತು. ಅದನ್ನು ತಟ್ಟೆಯ ಮೇಲೆ ಬೋರಲು ಹಾಕಿ ತಳಕ್ಕೆ ಮೆಲ್ಲಗೆ ತಟ್ಟಿದಳು. ಅನ್ನ ಇಡಿಯಾಗಿ ಇಳಿಯಿತು. ಡಬ್ಬಿಯನ್ನು ಎತ್ತಿದ ಮೇಲೂ ಅದು ಡಬ್ಬಿಯ ಆಕಾರದಲ್ಲೇ, ಉಳಿದ ಮೂರೂ ಮೂಲೆಗಳನ್ನು ಹಿಡಿದುಕೊಂಡು, ಹಳದಿಯಾಗಿ ನಿಂತಿತ್ತು.